ಛಾವಣಿಯಿಲ್ಲದ ನೃತ್ಯಶಾಲೆ: ಕಿಂಗ್‌ಸ್ಟನ್ ನಗರದ ಕುಣಿತದ ಅಂಗಳಗಳು

ಕಲೆಯೊಂದಕ್ಕೆ ಅದು ನಡೆಯುವ ಸ್ಥಳದ ಹೆಸರೇ ಅಂಟಿಕೊಳ್ಳುವುದು ಕನ್ನಡಿಗರಾದ ನಮಗೆ ಹೊಸ ಸಂಗತಿಯಲ್ಲ. ಬಯಲಿನಲ್ಲಿ ಆಡುವ ಆಟವನ್ನು ನಮ್ಮ ಹಿರಿಯರು 'ಬಯಲಾಟ' ಎಂದೇ ಕರೆದರು. ಕ್ರಿಕೆಟ್ ಆಟದ ಮೂಲಕ ನಮಗೆಲ್ಲ ಪರಿಚಿತವಾಗಿರುವ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಒಂದಾದ ಜಮೈಕಾದಲ್ಲಿಯೂ ಒಂದು ಸಂಗೀತ ಪ್ರಕಾರಕ್ಕೆ ಹೀಗೆ ಸ್ಥಳದ ಹೆಸರೇ ಬಂದಿದೆ. ಅದನ್ನು 'ಡ್ಯಾನ್ಸ್‌ಹಾಲ್' ಎನ್ನುತ್ತಾರೆ. ಹಾಲ್ ಎಂದೊಡನೆ ನಮ್ಮ ಕಣ್ಣ ಮುಂದೆ ನಾಲ್ಕು ಗೋಡೆಗಳೂ ಒಂದು ಛಾವಣಿಯೂ ಬಂದು ನಿಲ್ಲುತ್ತವೆ. ಆದರೆ ಈ ಸಂಗೀತ ಹುಟ್ಟಿ ಬೆಳೆದ ಸ್ಥಳಗಳಲ್ಲಿ ಬಹುಪಾಲಿಗೆ ಛಾವಣಿಯೇ ಇರಲಿಲ್ಲ. ಬಿದಿರು, ಹಲಗೆ ಅಥವಾ ತಗಡಿನ ಬೇಲಿ ಹಾಕಿದ ಖಾಲಿ ಅಂಗಳಗಳವು. ಜನರು ಅವನ್ನು 'ಲಾನ್' ಎಂದು ಕರೆಯುತ್ತಿದ್ದರು. ಲಾನ್ ಎಂಬ ಶಬ್ದಕ್ಕೆ ಹಸಿರು ಹುಲ್ಲುಹಾಸು ಎಂಬ ಅರ್ಥವಿದ್ದರೂ ಅಲ್ಲಿ ಹುಲ್ಲು ಉಳಿದಿದ್ದು ಅಪರೂಪ.

ಈ ಅಂಗಳಗಳ ಚರಿತ್ರೆಯನ್ನು ಧರ್ಮಪ್ರಾಂತ್ಯದ ಪತ್ರಿಕೆಯ ಪುಟಗಳಲ್ಲಿ ಏಕೆ ಬರೆಯಬೇಕೆಂದು ಓದುಗರು ಕೇಳಬಹುದು. ಆ ಅಂಗಳಗಳಲ್ಲಿ ಮೊಳಗಿದ ಸಂಗೀತದ ಹಿಂದೆ ಕಥೋಲಿಕ ಕನ್ಯಾಸ್ತ್ರೀಯರು ನಡೆಸುತ್ತಿದ್ದ ಒಂದು ಬಾಲಕರ ಆಶ್ರಮವಿತ್ತು ಎಂಬುದು ಒಂದು ಕಾರಣ. ಇನ್ನೊಂದು ಕಾರಣವೂ ಇದೆ. ಬಡವರು ಸೇರುವ ಸ್ಥಳವನ್ನು ನಾವು ಹೊರಗೆ ನಿಂತು ಹೇಗೆ ಅಳೆಯುತ್ತೇವೆ ಎಂಬ ಪ್ರಶ್ನೆ ಜಮೈಕಾದ್ದು ಮಾತ್ರವಲ್ಲ.

ಜಮೈಕಾವನ್ನು ಇಂಗ್ಲಿಷರು 1655ರಲ್ಲಿ ಸ್ಪೇನಿನವರಿಂದ ವಶಪಡಿಸಿಕೊಂಡರು. ಕಬ್ಬಿನ ತೋಟಗಳಲ್ಲಿ ದುಡಿಸಲು ಆಫ್ರಿಕಾದಿಂದ ಲಕ್ಷಾಂತರ ಜನರನ್ನು ಗುಲಾಮರನ್ನಾಗಿ ಹಿಡಿದು ತಂದರು. 1838ರ ಆಗಸ್ಟ್ 1ರಂದು ಗುಲಾಮಗಿರಿಯಿಂದ ಪೂರ್ಣ ಬಿಡುಗಡೆ ದೊರೆತರೂ ಭೂಮಿ ಮಾತ್ರ ಹಳೆಯ ಕೈಗಳಲ್ಲೇ ಉಳಿಯಿತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದ ವೇಳೆಗೆ ಹಳ್ಳಿಗಳಿಂದ ಕೆಲಸ ಹುಡುಕಿಕೊಂಡು ರಾಜಧಾನಿ ಕಿಂಗ್‌ಸ್ಟನ್‌ಗೆ ಬಂದವರು ನಗರದ ಪಶ್ಚಿಮ ಭಾಗದ ಕಿಕ್ಕಿರಿದ ವಠಾರಗಳಲ್ಲಿ ನೆಲೆಸಿದರು. ನಗರದ ಮೇಲ್ಭಾಗದಲ್ಲಿ ಉಳ್ಳವರ ಬಂಗಲೆಗಳಿದ್ದವು. ಅವರಿಗೆ ಗ್ಲಾಸ್ ಬಕೆಟ್ ಕ್ಲಬ್‌ನಂತಹ ಮನರಂಜನಾ ಸ್ಥಳಗಳಿದ್ದವು. ಅಲ್ಲಿ ಹತ್ತು ಹದಿನೈದು ಮಂದಿ ವಾದ್ಯಗಾರರ ವೃಂದಗಳು ಅಮೆರಿಕದ ಜಾಝ್ ಸಂಗೀತವನ್ನು ನುಡಿಸುತ್ತಿದ್ದವು. ವಾದ್ಯಗಾರರಲ್ಲಿ ಅನೇಕರು ಕಪ್ಪು ಜನಾಂಗದ ಬಡ ಕುಟುಂಬಗಳವರು. ಆದರೆ ಅದೇ ಕುಟುಂಬಗಳ ಜನರು ಅತಿಥಿಗಳಾಗಿ ಆ ಬಾಗಿಲನ್ನು ದಾಟುವುದು ಸುಲಭವಾಗಿರಲಿಲ್ಲ. ಟಿಕೆಟ್ಟಿನ ಬೆಲೆ, ತೊಡುವ ಉಡುಪು, ಮೈಬಣ್ಣ, ಈ ಮೂರೂ ಅಡ್ಡ ನಿಲ್ಲುತ್ತಿದ್ದವು.

ಹಾಗಾದರೆ ವಾರವಿಡೀ ಬಂದರಿನಲ್ಲಿ ಮೂಟೆ ಹೊತ್ತವನು, ಬೇರೆಯವರ ಮನೆಯಲ್ಲಿ ಬಟ್ಟೆ ಒಗೆದವಳು ಶನಿವಾರ ರಾತ್ರಿ ಎಲ್ಲಿಗೆ ಹೋಗಬೇಕು? ಒಂದು ಕೋಣೆಯ ಮನೆಯಲ್ಲಿ ಏಳೆಂಟು ಮಂದಿ. ಮನೆಯಲ್ಲಿ ರೇಡಿಯೊ ಇಲ್ಲ. ಇದ್ದರೂ ಅದರಲ್ಲಿ ಬರುವುದು ಬಹುತೇಕ ಬ್ರಿಟಿಷ್ ಅಭಿರುಚಿಯ ಕಾರ್ಯಕ್ರಮಗಳು. ಅಂಥವರಿಗೆ ದೊರೆತದ್ದು ಈ ಅಂಗಳಗಳು ಮತ್ತು ಸಂಘಗಳು ಬಾಡಿಗೆಗೆ ಕೊಡುತ್ತಿದ್ದ ಕೆಲವು ಕಟ್ಟಡಗಳು. ನಾರ್ತ್ ಸ್ಟ್ರೀಟಿನ ಫಾರೆಸ್ಟರ್ಸ್ ಹಾಲ್, ಪಶ್ಚಿಮ ಕಿಂಗ್‌ಸ್ಟನ್ನಿನ ಚೋಕೊಮೊ ಲಾನ್ ಇವುಗಳ ಹೆಸರು ಹಳೆಯ ಸಂಗೀತಗಾರರ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಈ ಅಂಗಳಗಳಿಗೆ ವಾದ್ಯವೃಂದವನ್ನು ಕರೆಸುವುದು ದುಬಾರಿ. ಅದಕ್ಕೆ ಬದಲಾಗಿ ಬಂದದ್ದು 'ಸೌಂಡ್ ಸಿಸ್ಟಮ್'. ನಮ್ಮ ಊರ ಹಬ್ಬಗಳಿಗೆ ಧ್ವನಿವರ್ಧಕವನ್ನು ಬಾಡಿಗೆಗೆ ತರುವುದನ್ನು ಓದುಗರು ನೆನಪಿಸಿಕೊಂಡರೆ ಅದರ ಅರ್ಧ ಚಿತ್ರ ದೊರೆಯುತ್ತದೆ. ಒಂದು ಗ್ರಾಮಫೋನ್ ತಟ್ಟೆ, ಸ್ಥಳೀಯ ವಿದ್ಯುತ್ ಕೆಲಸಗಾರರು ಕೈಯಿಂದ ಜೋಡಿಸಿದ ವಾಲ್ವ್ ಆಂಪ್ಲಿಫಯರ್, ಬಟ್ಟೆಯ ಬೀರುವಿನಷ್ಟು ಎತ್ತರದ ಮರದ ಸ್ಪೀಕರ್ ಪೆಟ್ಟಿಗೆಗಳು, ಇವೆಲ್ಲವನ್ನೂ ಹೊತ್ತೊಯ್ಯಲು ಒಂದು ಲಾರಿ. ಸಂಗೀತದ ಮಂದ್ರ ಸ್ವರಗಳು ಕಿವಿಗೆ ಮಾತ್ರವಲ್ಲ, ಎದೆಗೂ ತಾಗಬೇಕು ಎಂಬುದು ಅಂದಿನ ಲೆಕ್ಕ. ಪ್ರವೇಶದ ಹಣಕ್ಕಿಂತ ಬಿಯರ್ ಮತ್ತು ಊಟದ ಮಾರಾಟವೇ ಮುಖ್ಯ ಆದಾಯ. ಹೀಗಾಗಿ ಮದ್ಯದಂಗಡಿ, ಹೋಟೆಲು, ಹಾರ್ಡ್‌ವೇರ್ ಅಂಗಡಿ ಇಟ್ಟವರೇ ಸೌಂಡ್ ಸಿಸ್ಟಮ್‌ಗಳ ಒಡೆಯರಾದದ್ದು ಸಹಜ.

ಊಟದ ಮಾತು ಬಂದದ್ದರಿಂದ ಒಂದು ಸಣ್ಣ ವಿಷಯಾಂತರ. ಈ ಕುಣಿತದ ರಾತ್ರಿಗಳಲ್ಲಿ ದೊಡ್ಡ ಹಂಡೆಗಳಲ್ಲಿ ಬೇಯುತ್ತಿದ್ದ ಮುಖ್ಯ ಖಾದ್ಯ ಮೇಕೆ ಮಾಂಸದ 'ಕರಿ'. 1845ರಲ್ಲಿ ಮೊದಲ ಹಡಗು ಜಮೈಕಾ ತಲುಪಿದಂದಿನಿಂದ 1917ರವರೆಗೆ ಸುಮಾರು 36,000 ಭಾರತೀಯರನ್ನು ಅಲ್ಲಿನ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಒಯ್ಯಲಾಯಿತು. ಅವರ ಮಸಾಲೆ ಕಾಲಕ್ರಮೇಣ ಎಲ್ಲರ ಮಸಾಲೆಯಾಯಿತು. ಆ ಕರಿ ಬೇಯದೆ ಕಿಂಗ್‌ಸ್ಟನ್ನಿನ ಕುಣಿತ ಪೂರ್ಣವಾಗುತ್ತಿರಲಿಲ್ಲ. ದಕ್ಷಿಣ ಭಾರತದ ನುಡಿಯೊಂದರಿಂದ ಹೊರಟ ಆ ಪುಟ್ಟ ಶಬ್ದ ಎಷ್ಟು ದೂರ ನಡೆದಿದೆ!

1950ರ ದಶಕದ ಮೊದಲ ದೊಡ್ಡ ಒಡೆಯ 'ಟಾಮ್ ದ ಗ್ರೇಟ್ ಸೆಬಾಸ್ಟಿಯನ್' ಎಂಬ ಹೆಸರಿನಿಂದ ಪ್ರಸಿದ್ಧನಾದ ಚೀನೀ ಮೂಲದ ಟಾಮ್ ವಾಂಗ್. ಬಳಿಕ ಬಂದವರಲ್ಲಿ ಇಬ್ಬರು ಮುಖ್ಯರು. ಒಬ್ಬ ಹಿಂದೆ ಪೊಲೀಸನಾಗಿದ್ದು ಬಾಂಡ್ ಸ್ಟ್ರೀಟಿನಲ್ಲಿ ಮದ್ಯದಂಗಡಿ ಇಟ್ಟ ಡ್ಯೂಕ್ ರೀಡ್. ತಲೆಗೆ ಕಿರೀಟ ಧರಿಸಿ, ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಕುಣಿತದ ಅಂಗಳಕ್ಕೆ ಬರುತ್ತಿದ್ದ ಆಸಾಮಿ. ಇನ್ನೊಬ್ಬ ಕ್ಲೆಮೆಂಟ್ ಡಾಡ್. ಶಾಲೆಯಲ್ಲಿ ಕ್ರಿಕೆಟ್ ಚೆನ್ನಾಗಿ ಆಡುತ್ತಿದ್ದನೆಂದು ಗೆಳೆಯರು ಯಾರ್ಕ್‌ಷೈರ್ ತಂಡದ ಆಟಗಾರ ಅಲೆಕ್ ಕಾಕ್ಸನ್‌ನ ಹೆಸರನ್ನು ಅವನಿಗಿಟ್ಟರು. ಜಮೈಕಾದ ಸಂಗೀತ ಚರಿತ್ರೆಯಲ್ಲಿ ಆತ 'ಕಾಕ್ಸನ್' ಎಂದೇ ಉಳಿದ.

ಇವರು ನುಡಿಸುತ್ತಿದ್ದದ್ದು ಅಮೆರಿಕದ ಕಪ್ಪು ಜನರ ರಿದಮ್ ಅಂಡ್ ಬ್ಲೂಸ್ ರೆಕಾರ್ಡುಗಳು. ಅಮೆರಿಕದ ಹೊಲಗಳಲ್ಲಿ ಋತುಮಾನದ ಕೂಲಿಗೆ ಹೋಗಿ ಬಂದವರು ಅವನ್ನು ತರುತ್ತಿದ್ದರು, ಒಡೆಯರೂ ಹಡಗು ವಿಮಾನಗಳಲ್ಲಿ ಹೋಗಿ ಹುಡುಕಿ ತರುತ್ತಿದ್ದರು. ಬೇರೆಯವರಲ್ಲಿ ಇಲ್ಲದ ಒಂದು ರೆಕಾರ್ಡು ಕೈಯಲ್ಲಿದ್ದರೆ ಜನ ಆ ಅಂಗಳಕ್ಕೇ ಬರುತ್ತಾರೆ. ಆದ್ದರಿಂದ ರೆಕಾರ್ಡಿನ ನಡುವಿನ ಹೆಸರು ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದುಬಿಡುತ್ತಿದ್ದರು. ಅದು ಯಾರ ಹಾಡು, ಯಾವ ಹಾಡು ಎಂದು ಪ್ರತಿಸ್ಪರ್ಧಿಗೆ ತಿಳಿಯಬಾರದು. ಕಾಕ್ಸನ್ ಇಂತಹ ಒಂದು ರೆಕಾರ್ಡಿಗೆ ತನ್ನದೇ ಹೆಸರಿಟ್ಟು ವರ್ಷಗಟ್ಟಲೆ ಮೆರೆದ. ಕೊನೆಗೊಂದು ರಾತ್ರಿ ಡ್ಯೂಕ್ ರೀಡ್ ಅದರ ಇನ್ನೊಂದು ಪ್ರತಿಯನ್ನು ಪತ್ತೆ ಹಚ್ಚಿ ಎಲ್ಲರೆದುರು ನುಡಿಸಿದಾಗ ಕಾಕ್ಸನ್‌ನ ಆ ಗುಟ್ಟು ಮುಗಿಯಿತು. ಪೈಪೋಟಿ ಇಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಎದುರಾಳಿಯ ಕುಣಿತವನ್ನು ಕೆಡಿಸಲು ಪುಂಡರನ್ನು ಕಳುಹಿಸುವುದು, ತಂತಿ ಕತ್ತರಿಸುವುದು, ಹೊಡೆದಾಟ ಎಲ್ಲವೂ ಇತ್ತು. ಸಭ್ಯ ಸಮಾಜ ಈ ಅಂಗಳಗಳನ್ನು ಕಂಡು ಮೂಗು ಮುರಿದದ್ದು ನಿಷ್ಕಾರಣವಾಗಿ ಅಲ್ಲ. ಅನೇಕ ಸಭೆಗಳ ಬೋಧಕರು ಕುಣಿತ ಮತ್ತು ದೇವಾಲಯ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದೇ ಹೇಳುತ್ತಿದ್ದರು.

ಈಗ ಆ ಆಶ್ರಮದ ವಿಷಯಕ್ಕೆ ಬರೋಣ. ಕಿಂಗ್‌ಸ್ಟನ್ನಿನ ಸೌತ್ ಕ್ಯಾಂಪ್ ರಸ್ತೆಯಲ್ಲಿ 'ಆಲ್ಫಾ' ಎಂಬ ಒಂದು ಜಾಗವಿದೆ. ಜೆಸ್ಸಿ ರಿಪೋಲ್ ಎಂಬ ಕಥೋಲಿಕ ಮಹಿಳೆ 1880ರಲ್ಲಿ ಒಬ್ಬಳೇ ಒಬ್ಬ ಅನಾಥ ಬಾಲಕಿಯೊಂದಿಗೆ ಅಲ್ಲಿ ಆಶ್ರಮವನ್ನು ಆರಂಭಿಸಿದರು. 1890ರಲ್ಲಿ ಲಂಡನ್ನಿನ ಬರ್ಮಂಡ್ಸೆ ಕಾನ್ವೆಂಟಿನಿಂದ 'ಸಿಸ್ಟರ್ಸ್ ಆಫ್ ಮರ್ಸಿ' ಸಭೆಯ ಕನ್ಯಾಸ್ತ್ರೀಯರು ಬಂದು ಹೊಣೆ ವಹಿಸಿಕೊಂಡರು. ಜೆಸ್ಸಿ ತಾವೂ ಆ ಸಭೆಯನ್ನು ಸೇರಿದರು. ಬಾಲಕರ ವಿಭಾಗಕ್ಕೆ ತಬ್ಬಲಿಗಳು ಬಂದರು, ಸಾಕಲಾಗದ ತಾಯಂದಿರು ತಂದುಬಿಟ್ಟವರು ಬಂದರು, ಬೀದಿಯಲ್ಲಿ ಸಿಕ್ಕಿಬಿದ್ದು ನ್ಯಾಯಾಲಯದ ಆದೇಶದಿಂದ ಬಂದವರೂ ಇದ್ದರು. ಮರಗೆಲಸ, ಹೊಲಿಗೆ, ಮುದ್ರಣ, ತೋಟಗಾರಿಕೆ ಹೀಗೆ ಹೊಟ್ಟೆ ಹೊರೆಯುವ ಒಂದು ಕಸುಬನ್ನು ಪ್ರತಿಯೊಬ್ಬರಿಗೂ ಕಲಿಸಲಾಗುತ್ತಿತ್ತು. ಶಿಸ್ತು ಬಿಗಿಯಾಗಿತ್ತು. ಹತ್ತೊಂಬತ್ತನೆಯ ಶತಮಾನ ಮುಗಿಯುವಷ್ಟರಲ್ಲಿ ಕೊಳಲು ತಮಟೆಗಳ ಒಂದು ಪುಟ್ಟ ತಂಡವಾಗಿ ಆರಂಭವಾದದ್ದು ಮುಂದೆ ಪೂರ್ಣ ಪ್ರಮಾಣದ ಹಿತ್ತಾಳೆ ವಾದ್ಯಗಳ ಬ್ಯಾಂಡ್ ಆಯಿತು. ನಮ್ಮ ಧರ್ಮಕೇಂದ್ರಗಳ ವಾರ್ಷಿಕ ಹಬ್ಬದ ಮೆರವಣಿಗೆಯ ಮುಂದೆ ಸಾಗುವ ಬ್ಯಾಂಡನ್ನು ಕಂಡವರಿಗೆ ಅದರ ಸ್ವರೂಪವನ್ನು ವಿವರಿಸಬೇಕಿಲ್ಲ. ಆಲ್ಫಾದ ಮಕ್ಕಳಿಗೆ ತುತ್ತೂರಿಯೂ ಹೊಲಿಗೆ ಯಂತ್ರದಂತೆಯೇ ಒಂದು ಕಸುಬು. ಚೆನ್ನಾಗಿ ಕಲಿತವನಿಗೆ ಸೈನ್ಯದ ಬ್ಯಾಂಡಿನಲ್ಲಿ ಅಥವಾ ಕ್ಲಬ್ಬಿನ ವೃಂದದಲ್ಲಿ ಕೆಲಸ ಸಿಗುತ್ತಿತ್ತು.

1939ರಲ್ಲಿ ಸಭೆಯನ್ನು ಸೇರಿದ ಸಿಸ್ಟರ್ ಮೇರಿ ಇಗ್ನೇಷಿಯಸ್ ಡೇವಿಸ್ ತಮ್ಮ ಬದುಕಿನ ಆರು ದಶಕಗಳಿಗೂ ಹೆಚ್ಚು ಕಾಲವನ್ನು ಈ ಬಾಲಕರೊಂದಿಗೆ ಕಳೆದರು. ಕೃಶ ಶರೀರದ ಈ ಸಿಸ್ಟರ್ ಮಕ್ಕಳೊಂದಿಗೆ ಕ್ರಿಕೆಟ್, ಫುಟ್‌ಬಾಲ್ ಆಡುತ್ತಿದ್ದರು, ಬಾಕ್ಸಿಂಗ್ ಕಲಿಸುತ್ತಿದ್ದರು. ಅವರಿಗೆ ಜಾಝ್ ಮತ್ತು ಬ್ಲೂಸ್ ಎಂದರೆ ಪ್ರೀತಿ. ಹೊಸ ರೆಕಾರ್ಡುಗಳನ್ನು ಕೊಂಡು ತರಿಸಿ ದೊಡ್ಡ ಸಂಗ್ರಹವನ್ನೇ ಮಾಡಿದ್ದರು. ಶಾಲೆಯಲ್ಲೇ ಒಂದು ಸೌಂಡ್ ಸಿಸ್ಟಮ್ ಇಟ್ಟುಕೊಂಡು ಬಿಡುವಿನ ದಿನಗಳಲ್ಲಿ ಮಕ್ಕಳಿಗಾಗಿ ತಾವೇ ರೆಕಾರ್ಡು ಹಾಕುತ್ತಿದ್ದರು. ಊರಿನ ಬೇರೆ ಭಾಗಗಳಲ್ಲಿ ಯಾವ ಯಂತ್ರದ ಸದ್ದನ್ನು ಕೇಡಿನ ಸದ್ದು ಎಂದು ಬಗೆಯಲಾಗುತ್ತಿತ್ತೋ ಅದೇ ಯಂತ್ರವನ್ನು ಒಬ್ಬ ಕನ್ಯಾಸ್ತ್ರೀ ತಮ್ಮ ಅಂಗಳದಲ್ಲಿ ತಂದಿಟ್ಟರು. ಇಲ್ಲಿಂದ ಹೊರಗೆ ಕಾಲಿಟ್ಟ ಹುಡುಗ ಮನೆಯೆಂಬುದಿಲ್ಲದೆ, ಬಂಧುಗಳಿಲ್ಲದೆ ನೇರವಾಗಿ ಆ ನಗರದ ರಾತ್ರಿಗೇ ಹೋಗಬೇಕಾದವನು ಎಂಬುದನ್ನು ಅವರಷ್ಟು ಸ್ಪಷ್ಟವಾಗಿ ಬಲ್ಲವರು ಕಡಿಮೆ. ಅವರು ಆ ಸಂಗೀತವನ್ನು ಮೊದಲು ಕುಳಿತು ಕೇಳಿದರು, ಅದರಲ್ಲಿ ಒಳ್ಳೆಯದು ಯಾವುದು ಎಂದು ಮಕ್ಕಳಿಗೆ ತೋರಿಸಿದರು. ಇದೇ ಅವರ ದೊಡ್ಡತನವೆಂದು ನನಗೆ ಅನ್ನಿಸುತ್ತದೆ. ಅವರು 2003ರ ಫೆಬ್ರವರಿಯಲ್ಲಿ ತೀರಿಕೊಂಡರು.

1964ರಲ್ಲಿ ರೂಪುಗೊಂಡ 'ಸ್ಕಾಟಲೈಟ್ಸ್' ತಂಡ ಜಮೈಕಾದ ಮೊದಲ ಸ್ವಂತ ಜನಪ್ರಿಯ ಸಂಗೀತವಾದ 'ಸ್ಕಾ'ಗೆ ರೂಪ ಕೊಟ್ಟಿತು. ಅದರ ನಾಲ್ವರು ಊದುವಾದ್ಯಗಾರರಾದ ಟಾಮಿ ಮೆಕ್‌ಕುಕ್, ಡಾನ್ ಡ್ರಮಂಡ್, ಲೆಸ್ಟರ್ ಸ್ಟರ್ಲಿಂಗ್ ಮತ್ತು ಜಾನಿ ಮೂರ್ ಆಲ್ಫಾದ ಹುಡುಗರು. ಟ್ರಾಂಬೋನ್ ವಾದಕ ರಿಕೊ ರೊಡ್ರಿಗಸ್ ಕೂಡ ಅಲ್ಲಿಯವರೇ. ಲೆನ್ನಿ ಹಿಬರ್ಟ್ ಅಲ್ಲಿ ಕಲಿತು, ಸೈನ್ಯದ ಬ್ಯಾಂಡಿಗೆ ಹೋಗಿ, ಮತ್ತೆ ಅಲ್ಲಿಗೇ ಬ್ಯಾಂಡ್ ಮಾಸ್ತರರಾಗಿ ಮರಳಿದರು. ಎಲ್ಲರ ಕಥೆಯೂ ಸುಖಾಂತವಲ್ಲ. ಡಾನ್ ಡ್ರಮಂಡ್ ಅವರೆಲ್ಲರಲ್ಲಿ ಅತ್ಯಂತ ಪ್ರತಿಭಾವಂತ. ಮಾನಸಿಕ ಕಾಯಿಲೆ ಆತನನ್ನು ಕಾಡುತ್ತಿತ್ತು. 1965ರ ಹೊಸ ವರ್ಷದ ಮುಂಜಾವದಲ್ಲಿ ತನ್ನ ಸಂಗಾತಿಯೂ ಹೆಸರಾಂತ ನೃತ್ಯಗಾರ್ತಿಯೂ ಆಗಿದ್ದ ಮಾರ್ಗರಿಟಾಳನ್ನು ಇರಿದು ಕೊಂದ. ಮನೋರೋಗಿಗಳ ಆಸ್ಪತ್ರೆಯಲ್ಲಿ ಸೆರೆಯಾಗಿ 1969ರಲ್ಲಿ ಅಲ್ಲಿಯೇ ಸತ್ತ. ಆತನ ಸಂಗೀತವನ್ನು ಹೊಗಳುವ ಬರಹಗಳಲ್ಲಿ ಆಕೆಯ ಹೆಸರು ಒಂದು ಸಾಲಿನಲ್ಲಿ ಬಂದು ಮರೆಯಾಗುವುದನ್ನು ಕಂಡಾಗ ಮನಸ್ಸಿಗೆ ಪಿಚ್ಚೆನಿಸುತ್ತದೆ. ಡ್ರಮ್ ಬಡಿಯುವ ರಾಸ್ತಾಫಾರಿಗಳನ್ನು ಊರು ಅಸ್ಪೃಶ್ಯರಂತೆ ಕಾಣುತ್ತಿದ್ದಾಗ ಅವರ ಲಯಕ್ಕೆ ಹೆಜ್ಜೆ ಹಾಕಿ, ಅವರನ್ನು ವೇದಿಕೆಗೆ ಕರೆಯಿಸಿಕೊಂಡವಳು ಆಕೆ.

ಅಮೆರಿಕದ ರೆಕಾರ್ಡುಗಳನ್ನು ನುಡಿಸುತ್ತಿದ್ದ ಅಂಗಳಕ್ಕೆ ಸ್ವಂತ ಸಂಗೀತ ಬಂದದ್ದಾದರೂ ಹೇಗೆ? 1950ರ ದಶಕದ ಕೊನೆಯಲ್ಲಿ ಅಮೆರಿಕದ ಅಭಿರುಚಿ ರಾಕ್ ಅಂಡ್ ರೋಲ್ ಕಡೆಗೆ ಹೊರಳಿತು. ಕಿಂಗ್‌ಸ್ಟನ್ನಿನ ಜನರಿಗೆ ಬೇಕಾದ ಹಳೆಯ ಬಗೆಯ ರೆಕಾರ್ಡುಗಳು ಬರುವುದು ಕಡಿಮೆಯಾಯಿತು. ಅಂಗಳವನ್ನು ತುಂಬಿಸಬೇಕಾದ ಒಡೆಯರು ಬೇರೆ ದಾರಿ ಕಾಣದೆ ಸ್ಥಳೀಯ ಗಾಯಕ ವಾದಕರನ್ನು ಕರೆದು ತಾವೇ ಧ್ವನಿಮುದ್ರಣ ಮಾಡಿಸಿದರು. ಮಾರಾಟದ ಉದ್ದೇಶ ಮೊದಲಿಗೆ ಇರಲಿಲ್ಲ. ಶನಿವಾರದ ಕುಣಿತಕ್ಕೆ ಒಂದು ಹೊಸ ಹಾಡು ಬೇಕಿತ್ತು, ಅಷ್ಟೆ. 1960ರ ವೇಳೆಗೆ ಪ್ರಿನ್ಸ್ ಬಸ್ಟರ್ ಎಂಬ ಮೂರನೆಯ ಒಡೆಯ ಬೆಟ್ಟದ ಮೇಲೆ ನೆಲೆಸಿದ್ದ ರಾಸ್ತಾಫಾರಿ ಡ್ರಮ್ ವಾದಕ ಕೌಂಟ್ ಒಸ್ಸಿಯ ತಂಡವನ್ನು ಕರೆತಂದು 'ಓ ಕ್ಯಾರೊಲಿನಾ' ಎಂಬ ಹಾಡಿಗೆ ನುಡಿಸಿದ. ಆಫ್ರಿಕಾದ ಲಯ ಮುದ್ರಿತ ರೆಕಾರ್ಡಿನಲ್ಲಿ ರಾಜಾರೋಷವಾಗಿ ಕೇಳಿಸಿತು. 1962ರ ಆಗಸ್ಟ್ 6ರಂದು ಜಮೈಕಾ ಸ್ವತಂತ್ರವಾದಾಗ ಅದರ ಜನಸಾಮಾನ್ಯರ ಕೈಯಲ್ಲಿ ಆಗಲೇ ತಮ್ಮದೇ ಆದ ಒಂದು ಸಂಗೀತವಿತ್ತು. ಕಾಕ್ಸನ್ 1963ರಲ್ಲಿ ಬ್ರೆಂಟ್‌ಫರ್ಡ್ ರಸ್ತೆಯಲ್ಲಿ 'ಸ್ಟುಡಿಯೊ ಒನ್' ತೆರೆದ. ಸ್ಕಾ ನಿಧಾನವಾಗಿ 1966ರ ಸುಮಾರಿಗೆ ರಾಕ್‌ಸ್ಟೆಡಿಯಾಯಿತು, 1968ರ ಹೊತ್ತಿಗೆ ರೆಗ್ಗೆಯಾಯಿತು. ಬಾಬ್ ಮಾರ್ಲಿಯ ಮೂಲಕ ರೆಗ್ಗೆ ಲೋಕವನ್ನೇ ಸುತ್ತಿತು. ಆ ಭಾಗ ಎಲ್ಲರಿಗೂ ಗೊತ್ತಿರುವುದರಿಂದ ಮುಂದೆ ಹೋಗುತ್ತೇನೆ.

ಅಂಗಳದಲ್ಲಿ ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಬೆಳವಣಿಗೆ ನಡೆದಿತ್ತು. ರೆಕಾರ್ಡು ಬದಲಿಸುವ ನಡುವೆ ಜನರನ್ನು ಹಿಡಿದಿಡಲು ಮೈಕು ಹಿಡಿದು ಮಾತನಾಡುವವನೊಬ್ಬ ಬೇಕಿತ್ತು. 1950ರ ದಶಕದಲ್ಲಿ ಕೌಂಟ್ ಮಚುಕಿ ಎಂಬಾತ ಹಾಡಿನ ಮೇಲೆಯೇ ಲಯಬದ್ಧವಾಗಿ ಮಾತು ಪೋಣಿಸತೊಡಗಿದ. ಯಕ್ಷಗಾನದ ಅರ್ಥಧಾರಿ ಭಾಗವತರ ಪದ್ಯದ ಮೇಲೆ ತನ್ನ ಮಾತನ್ನು ಕಟ್ಟುವುದು ಬೇರೆಯೇ ಕಲೆ. ಆದರೂ ಸಿದ್ಧ ಪಠ್ಯವಿಲ್ಲದೆ, ಎದುರಿಗಿರುವ ಜನರ ಮುಖ ನೋಡಿ ಮಾತು ಹುಟ್ಟಿಸುವ ಧೈರ್ಯ ಎರಡರಲ್ಲೂ ಒಂದೇ. 1967ರ ಕೊನೆಯ ವೇಳೆಗೆ ನಡೆದ ಘಟನೆಯೊಂದು ಈ ಕಲೆಗೆ ದೊಡ್ಡ ಬಾಗಿಲು ತೆರೆಯಿತು. ಸ್ಪ್ಯಾನಿಷ್ ಟೌನ್ ಎಂಬ ಊರಿನ ಸೌಂಡ್ ಸಿಸ್ಟಮ್ ಒಡೆಯ ರಡ್ಡಿ ರೆಡ್‌ವುಡ್‌ಗಾಗಿ ಡ್ಯೂಕ್ ರೀಡ್‌ನ ಸ್ಟುಡಿಯೊದಲ್ಲಿ ಹಾಡೊಂದರ ಪ್ರತಿ ತೆಗೆಯುವಾಗ ಗಾಯಕರ ಧ್ವನಿ ಕೈತಪ್ಪಿ ಬಿಟ್ಟುಹೋಯಿತು. ರೆಡ್‌ವುಡ್ ಅದನ್ನು ಎಸೆಯಲಿಲ್ಲ. ರಾತ್ರಿ ಮೊದಲು ಪೂರ್ತಿ ಹಾಡನ್ನು ನುಡಿಸಿ, ಬಳಿಕ ಈ ಧ್ವನಿಯಿಲ್ಲದ ಪ್ರತಿಯನ್ನು ಹಾಕಿದ. ನೆರೆದ ಜನರೇ ಬಾಯಿಬಿಟ್ಟು ಹಾಡತೊಡಗಿದರು. ಅಂದಿನಿಂದ ಪ್ರತಿ ರೆಕಾರ್ಡಿನ ಇನ್ನೊಂದು ಬದಿಯಲ್ಲಿ ವಾದ್ಯ ಮಾತ್ರದ ಪ್ರತಿಯನ್ನು ಮುದ್ರಿಸುವ ರೂಢಿ ಬಂದಿತು. ಆ ಖಾಲಿ ಜಾಗವನ್ನು ಮೈಕು ಹಿಡಿದವನು ತುಂಬಿದ. ಅವನನ್ನೇ ಅಲ್ಲಿ ಡೀಜೆ ಎನ್ನುತ್ತಾರೆ. ಯು-ರಾಯ್ ಎಂಬ ಡೀಜೆಯ ರೆಕಾರ್ಡುಗಳು 1970ರಲ್ಲಿ ಜಮೈಕಾದ ಜನಪ್ರಿಯತೆಯ ಪಟ್ಟಿಯಲ್ಲಿ ಮೇಲಿನ ಸ್ಥಾನಗಳನ್ನೆಲ್ಲ ಆಕ್ರಮಿಸಿದವು. ಆತನ ತಾಯಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯೊಂದರಲ್ಲಿ ಆರ್ಗನ್ ನುಡಿಸುತ್ತಿದ್ದವರು.

ಡೀಜೆ ಯಾವ ನುಡಿಯಲ್ಲಿ ಮಾತನಾಡುತ್ತಿದ್ದ ಎಂಬುದು ಮುಖ್ಯ. ಶಾಲೆ, ಕಚೇರಿ, ರೇಡಿಯೊ, ದೇವಾಲಯ ಎಲ್ಲ ಕಡೆಯೂ ಇಂಗ್ಲಿಷ್. ಮನೆಯಲ್ಲಿ, ಸಂತೆಯಲ್ಲಿ ಮಾತ್ರ 'ಪಟ್ವಾ'. ಗುಲಾಮರ ತೋಟಗಳಲ್ಲಿ ಇಂಗ್ಲಿಷ್ ಶಬ್ದಗಳು ಆಫ್ರಿಕಾದ ನುಡಿಗಟ್ಟುಗಳೊಡನೆ ಬೆರೆತು ಹುಟ್ಟಿದ ಭಾಷೆ ಅದು. ಓದಿದವರು ಅದನ್ನು ಕೆಟ್ಟ ಇಂಗ್ಲಿಷ್ ಎಂದು ತಿರಸ್ಕರಿಸುತ್ತಿದ್ದರು. ಕುಣಿತದ ಅಂಗಳದಲ್ಲಿ ಅದಕ್ಕೆ ದೊಡ್ಡ ಧ್ವನಿವರ್ಧಕ ಸಿಕ್ಕಿತು. ಬಲಿಪೂಜೆಯಲ್ಲಿ ಲತೀನ್ ಹೋಗಿ ಮನೆಯ ಮಾತು ಬಂದ ಕಾಲವನ್ನು ಕಂಡ ನಮ್ಮ ಹಿರಿಯರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 2012ರಲ್ಲಿ ವೆಸ್ಟ್ ಇಂಡೀಸ್ ಬೈಬಲ್ ಸೊಸೈಟಿ ಪಟ್ವಾ ಭಾಷೆಯಲ್ಲಿ ಹೊಸ ಒಡಂಬಡಿಕೆಯನ್ನು ಪ್ರಕಟಿಸಿತು. ದೇವರ ವಾಕ್ಯಕ್ಕೆ ಇದು ತಕ್ಕ ಭಾಷೆಯೇ ಎಂದು ಅಲ್ಲಿನ ಭಕ್ತರಲ್ಲೇ ಬಿಸಿಬಿಸಿ ಚರ್ಚೆ ನಡೆಯಿತು. ಅಂಗಳದವರು ಆ ಪ್ರಶ್ನೆಯನ್ನು ತಮ್ಮ ಮಟ್ಟಿಗೆ ನಲವತ್ತು ವರ್ಷ ಮೊದಲೇ ಬಗೆಹರಿಸಿಕೊಂಡಿದ್ದರು.

1970ರ ದಶಕದ ಕೊನೆಗೆ ಕಿಂಗ್‌ಸ್ಟನ್ ರಕ್ತದಲ್ಲಿ ತೋಯ್ದಿತ್ತು. ಎರಡು ರಾಜಕೀಯ ಪಕ್ಷಗಳು ಕೊಳೆಗೇರಿಗಳನ್ನು ತಮ್ಮ ತಮ್ಮ ಕೋಟೆಗಳನ್ನಾಗಿ ಹಂಚಿಕೊಂಡು ಹುಡುಗರ ಕೈಗೆ ಬಂದೂಕು ಕೊಟ್ಟಿದ್ದವು. 1980ರ ಚುನಾವಣೆಯ ವರ್ಷದಲ್ಲಿ ಸುಮಾರು 800 ಮಂದಿ ಸತ್ತರು. ಮರುವರ್ಷ ಮೇ 11ರಂದು ಮಾರ್ಲಿ ತೀರಿಕೊಂಡ. ವಿಮೋಚನೆಯ ಹಾಡುಗಳು ಹೊರದೇಶಗಳಲ್ಲಿ ಮಾರಾಟವಾಗುತ್ತಿದ್ದಾಗ ಊರಿನ ಬಡವರು ಹಳೆಯ ಸ್ಟುಡಿಯೊ ಒನ್ ಲಯಗಳ ಮೇಲೆ ತಮ್ಮ ಡೀಜೆಗಳು ಕಟ್ಟುವ ನಗೆಮಾತು, ಜಗಳ, ಬಾಡಿಗೆ ಕಷ್ಟ, ಬಟ್ಟೆಬರೆಯ ಹಾಡುಗಳನ್ನು ಕೇಳುತ್ತ ಅಂಗಳಗಳಲ್ಲಿ ಸೇರಿದರು. ಈ ಸಂಗೀತಕ್ಕೇ ಆಗ 'ಡ್ಯಾನ್ಸ್‌ಹಾಲ್' ಎಂಬ ಹೆಸರು ನಿಂತಿತು. ರೇಡಿಯೊ ಬೇರೆ, ಸ್ಟುಡಿಯೊ ಬೇರೆ, ಇದು ಅಂಗಳದ್ದು ಎಂಬುದು ಹೆಸರಿನ ಸೂಚನೆ.

ಅದರ ಮೊದಲ ದೊರೆ 'ಯೆಲ್ಲೊಮ್ಯಾನ್' ಎಂಬ ವಿನ್‌ಸ್ಟನ್ ಫಾಸ್ಟರ್. ಹುಟ್ಟಿನಿಂದಲೇ ಮೈಯಲ್ಲಿ ವರ್ಣದ್ರವ್ಯವಿಲ್ಲದ ಈತನನ್ನು ಹೆತ್ತವರು ತೊರೆದರು. ಅನಾಥಾಲಯಗಳಲ್ಲಿ ಬೆಳೆದ ಈತನೂ ಆಲ್ಫಾದ ಹುಡುಗನೇ. ಜಮೈಕಾದಲ್ಲಿ ಅಂತಹವರನ್ನು ಅಪಶಕುನವೆಂದು ಕಾಣುತ್ತಿದ್ದರು, ಬೀದಿಯಲ್ಲಿ ಹೀಯಾಳಿಸುತ್ತಿದ್ದರು. ಆತ ಆ ಹೀಯಾಳಿಕೆಯ ಬಣ್ಣದ ಹೆಸರನ್ನೇ ತನ್ನ ಹೆಸರಾಗಿ ಇಟ್ಟುಕೊಂಡು, ಹಳದಿ ಉಡುಪು ತೊಟ್ಟು, ತಾನೇ ಊರಿನ ಅತ್ಯಂತ ಸುಂದರ ಪುರುಷನೆಂದು ಮೈಕಿನಲ್ಲಿ ಸಾರಿದ. ಜನ ನಕ್ಕರು, ಆಮೇಲೆ ಒಪ್ಪಿದರು. ಸಾವಿರಾರು ಮಂದಿ ಆತನ ಕುಣಿತಗಳಿಗೆ ಬಂದರು. ಆತನ ಹಾಡುಗಳಲ್ಲಿ ಹಲವು ಅಶ್ಲೀಲವಾಗಿದ್ದವು, ಅದನ್ನು ಮುಚ್ಚಿಡಬೇಕಿಲ್ಲ. ಯಾರಿಗೂ ಬೇಡವಾದ ದೇಹವೊಂದು ನೂರಾರು ಕಣ್ಣುಗಳ ಮುಂದೆ ತಲೆಯೆತ್ತಿ ನಿಂತ ಸ್ಥಳ ಅದೇ ಅಂಗಳವಾಗಿತ್ತು ಎಂಬುದೂ ಅಷ್ಟೇ ನಿಜ.

1985ರ ಫೆಬ್ರವರಿಯಲ್ಲಿ ಕಿಂಗ್ ಜಾಮಿ ಎಂಬ ಒಡೆಯ ಒಂದು ಪೈಪೋಟಿಯ ರಾತ್ರಿ 'ಸ್ಲೆಂಗ್ ಟೆಂಗ್' ಎಂಬ ಹೊಸ ಲಯವನ್ನು ನುಡಿಸಿದ. ಹಾಡಿನ ಮಾತುಗಳನ್ನು ಯಾರೂ ಮೆಚ್ಚಬೇಕಿಲ್ಲ, ಅದರ ಹುಟ್ಟು ಮಾತ್ರ ಕೌತುಕದ್ದು. ಅದರಲ್ಲಿ ಮನುಷ್ಯರು ಬಾರಿಸಿದ ಡ್ರಮ್ ಇರಲಿಲ್ಲ, ಗಿಟಾರ್ ಇರಲಿಲ್ಲ. ನೋಯಲ್ ಡೇವಿ ಎಂಬ ಹುಡುಗನ ಬಳಿಯಿದ್ದ ಕ್ಯಾಸಿಯೊ ಕಂಪನಿಯ ಎಂಟಿ-40 ಎಂಬ ಪುಟ್ಟ ಕೀಬೋರ್ಡಿನಲ್ಲಿ ಸಿದ್ಧವಾಗಿ ಅಡಕವಾಗಿದ್ದ ಲಯವೊಂದನ್ನು ಗಾಯಕ ವೇನ್ ಸ್ಮಿತ್ ಮತ್ತು ಆತ ಕಂಡುಕೊಂಡಿದ್ದರು. ಜಾಮಿ ಅದರ ವೇಗವನ್ನು ಇಳಿಸಿದ. ಆ ಲಯವನ್ನು ಯಂತ್ರದೊಳಗೆ ಇರಿಸಿದವರು ಹಿರೊಕೊ ಒಕುಡಾ ಎಂಬ ಜಪಾನಿ ಯುವತಿ. ಆಕೆ 1980ರಲ್ಲಿ ಕಂಪನಿಗೆ ಸೇರಿದವರು, ಕಾಲೇಜಿನಲ್ಲಿ ರೆಗ್ಗೆ ಸಂಗೀತದ ಬಗ್ಗೆಯೇ ಪ್ರಬಂಧ ಬರೆದವರು! ಅಂಗಳ ಹೊಸ ಲಯಕ್ಕೆ ಹುಚ್ಚೆದ್ದು ಕುಣಿಯಿತು. ಆದರೆ ಅಂದಿನಿಂದ ಒಂದು ಕೀಬೋರ್ಡು ಇದ್ದವನು ಹಾಡು ಮಾಡಬಹುದಾಯಿತು, ಸ್ಟುಡಿಯೊಗಳ ಡ್ರಮ್ ವಾದಕರು, ತುತ್ತೂರಿ ವಾದಕರು ಕೆಲಸ ಕಳೆದುಕೊಂಡರು. ಆಲ್ಫಾದಲ್ಲಿ ವರ್ಷಗಟ್ಟಲೆ ಉಸಿರು ಕಟ್ಟಿ ಕಲಿತ ಕಸುಬಿನ ಬೆಲೆ ನಗರದಲ್ಲಿ ಇಳಿಯಿತು.

ಡ್ಯಾನ್ಸ್‌ಹಾಲ್‌ನ ಕರಾಳ ಮುಖವನ್ನು ಹೇಳದೆ ಬಿಟ್ಟರೆ ಈ ಬರಹ ಅಪ್ರಾಮಾಣಿಕವಾದೀತು. 1980ರ ದಶಕದ ಕೊನೆ ಮತ್ತು 1990ರ ದಶಕದ ಆರಂಭದ ಹಾಡುಗಳಲ್ಲಿ ಬಂದೂಕಿನ ವೈಭವೀಕರಣ, ಸ್ತ್ರೀಯರ ಬಗ್ಗೆ ಕೀಳು ಮಾತು ತುಂಬಿದವು. 1992ರಲ್ಲಿ ಬುಜು ಬಾಂಟನ್ ಹಾಡಿದ ಹಾಡೊಂದು ಸಲಿಂಗಿಗಳನ್ನು ಗುಂಡಿಕ್ಕಿ ಕೊಲ್ಲುವ ಮಾತನ್ನಾಡಿತು. ಯಾವ ಮನುಷ್ಯನ ಕೊಲೆಯೂ ಕುಣಿಯುವ ವಿಷಯವಲ್ಲ. ಬಡತನ ಅದಕ್ಕೆ ಸಮರ್ಥನೆಯಾಗದು. 2019ರಲ್ಲಿ ಆತ ಆ ಹಾಡನ್ನು ತನ್ನ ಹಾಡುಗಳ ಪಟ್ಟಿಯಿಂದಲೇ ಕೈಬಿಟ್ಟ. 2009ರಲ್ಲಿ ಜಮೈಕಾದ ಪ್ರಸಾರ ಆಯೋಗ ಅತ್ಯಂತ ಅಶ್ಲೀಲವಾದ ಒಂದು ಬಗೆಯ ಹಾಡುಗಳನ್ನು ರೇಡಿಯೊ, ದೂರದರ್ಶನಗಳಿಂದ ಹೊರಗಿಟ್ಟಿತು. ಇದಕ್ಕೂ ಮುಂಚೆ 1997ರ ಶಬ್ದ ನಿಯಂತ್ರಣ ಕಾನೂನು ಮಧ್ಯರಾತ್ರಿಯ ಅನಂತರದ ಧ್ವನಿವರ್ಧಕಕ್ಕೆ ಮಿತಿ ಹಾಕಿತ್ತು. ಪೊಲೀಸರು ಬಂದು ಕುಣಿತ ನಿಲ್ಲಿಸುವುದು ಆ ನಗರದ ದಿನಚರಿಯ ಭಾಗವೇ ಆಯಿತು. ನಿದ್ದೆಗೆಟ್ಟ ರೋಗಿಗಳ, ಪರೀಕ್ಷೆಗೆ ಓದುವ ಮಕ್ಕಳ ದೂರು ನ್ಯಾಯವಾದದ್ದು. ಆದರೆ ಅಂಗಳದ ಪಕ್ಕದಲ್ಲಿ ಮೀನು ಹುರಿದು ಮಾರುವವಳು, ಕಡಲೆಕಾಯಿ ಮಾರುವವನು, ಪೆಟ್ಟಿಗೆ ಹೊರುವ ಹುಡುಗ ಇವರ ವಾರದ ಗಳಿಕೆಯೂ ಅದೇ ರಾತ್ರಿಯ ಮೇಲೆ ನಿಂತಿತ್ತು.

ಆ ಅಂಗಳದಿಂದ ಎದ್ದು ದೇವಾಲಯಕ್ಕೆ ಹೋದವರೂ ಇದ್ದಾರೆ. ಪಾಪಾ ಸ್ಯಾನ್ ಮತ್ತು ಲೆಫ್ಟಿನೆಂಟ್ ಸ್ಟಿಚಿ ಎಂಬ ಇಬ್ಬರು ಹೆಸರಾಂತ ಡೀಜೆಗಳು 1997ರಲ್ಲಿ ಕ್ರೈಸ್ತ ವಿಶ್ವಾಸದ ಕಡೆಗೆ ತಿರುಗಿದರು. ತಮ್ಮ ಲಯವನ್ನು ಬಿಡದೆ ಸುವಾರ್ತೆಯ ಹಾಡುಗಳನ್ನು ಕಟ್ಟಿದರು. ಅಶ್ಲೀಲ ಹಾಡುಗಳ ರಾಣಿ ಎಂದೇ ಕರೆಸಿಕೊಂಡಿದ್ದ ಲೇಡಿ ಸಾ 2015ರ ಡಿಸೆಂಬರಿನಲ್ಲಿ ದೀಕ್ಷಾಸ್ನಾನ ಪಡೆದು, ತನ್ನ ಹುಟ್ಟುಹೆಸರಾದ ಮರಿಯನ್ ಹಾಲ್ ಎಂಬ ಹೆಸರಿನಿಂದ ಬೋಧಕಿಯಾದಳು.

ಅಂಗಳದ ಸಂಗೀತ ಸಾಗರ ದಾಟಿ ಹೋದ ದಾರಿಗಳು ಹಲವು. ಕಿಂಗ್‌ಸ್ಟನ್ನಿನಿಂದ ಬಾಲಕನಾಗಿ ನ್ಯೂಯಾರ್ಕಿಗೆ ಹೋದ ಕ್ಲೈವ್ ಕ್ಯಾಂಪ್‌ಬೆಲ್ 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನ ವಸತಿ ಕಟ್ಟಡವೊಂದರಲ್ಲಿ ತಂಗಿಗಾಗಿ ನಡೆಸಿದ ಸಂತೋಷಕೂಟವನ್ನು ಹಿಪ್‌ಹಾಪ್ ಸಂಗೀತದ ಹುಟ್ಟುದಿನವೆಂದು ಗುರುತಿಸುತ್ತಾರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜಮೈಕಾದ ನೆರೆಹೊರೆಯವರ ನಡುವೆ ಬೆಳೆದ ಪಂಜಾಬಿ ಮೂಲದ ಸ್ಟೀವನ್ ಕಪೂರ್ 'ಅಪಾಚೆ ಇಂಡಿಯನ್' ಎಂಬ ಹೆಸರಿನಲ್ಲಿ 1990ರ ದಶಕದಲ್ಲಿ ಹಾಡಿದ ಹಾಡುಗಳನ್ನು ನಮ್ಮ ಯುವಕರೂ ಕೇಳಿದ್ದಾರೆ. ಎ.ಆರ್. ರೆಹಮಾನ್ ಸಂಗೀತ ನೀಡಿದ 1996ರ 'ಲವ್ ಬರ್ಡ್ಸ್' ಎಂಬ ತಮಿಳು ಚಿತ್ರದಲ್ಲಿ ಆತನ ಧ್ವನಿಯಿದೆ. ಮದುವೆ ಮನೆಗಳಲ್ಲಿ ಆ ಲಯಕ್ಕೆ ಹೆಜ್ಜೆ ಹಾಕಿದವರಿಗೆ ಅದು ಯಾವ ಬೇಲಿಯೊಳಗಿಂದ ಹೊರಟದ್ದೆಂದು ತಿಳಿದಿರಲಾರದು.

ರೆಗ್ಗೆ ಸಂಗೀತವನ್ನು ಯುನೆಸ್ಕೊ 2018ರಲ್ಲಿ ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಸ್ಟುಡಿಯೊ ಒನ್ ಇದ್ದ ಬ್ರೆಂಟ್‌ಫರ್ಡ್ ರಸ್ತೆಗೆ 2004ರಲ್ಲಿ ಆ ಸ್ಟುಡಿಯೊದ ಹೆಸರನ್ನೇ ಇಟ್ಟರು. ಕಾಕ್ಸನ್ ಡಾಡ್ ಆ ಸಮಾರಂಭವನ್ನು ಕಣ್ಣಾರೆ ಕಂಡು, ಕೆಲವೇ ದಿನಗಳಲ್ಲಿ ತನ್ನ ಸ್ಟುಡಿಯೊದಲ್ಲಿಯೇ ಕೊನೆಯುಸಿರೆಳೆದ. ಆಲ್ಫಾದ ವಸತಿ ಶಾಲೆ 2014ರಲ್ಲಿ ಮುಚ್ಚಿತು. ಹಾಸಿಗೆಗಳು ಖಾಲಿಯಾದವು, ಹುಡುಗರು ತಮ್ಮ ತಮ್ಮ ಮನೆಗಳಿಂದ ಹಗಲಿನಲ್ಲಿ ಬಂದು ಕಲಿಯುವ ಸಂಸ್ಥೆಯಾಗಿ ಅದು ಮಾರ್ಪಟ್ಟಿತು. ಸಿಸ್ಟರ್ಸ್ ಆಫ್ ಮರ್ಸಿ ಅಲ್ಲಿನ ಬ್ಯಾಂಡ್ ತರಗತಿಯನ್ನು ಮಾತ್ರ ನಿಲ್ಲಿಸಲಿಲ್ಲ.